ಪುಸ್ತಕದಲ್ಲಿಲ್ಲದ ಕೊಡ

ಬೇವಿನಕೆರೆ ಹೈಸ್ಕೂಲಿನಲ್ಲಿ ಲೈಬ್ರರಿ ಅಂದರೆ ಒಂದು ಕಬ್ಬಿಣದ ಬೀರು. ಅದು ಹೆಡ್‌ಮಾಸ್ಟರು ಮಹೇಶ್ವರಪ್ಪನವರ ಕುರ್ಚಿಯ ಹಿಂದೆ ಗೋಡೆಗೆ ಬೆನ್ನು ಕೊಟ್ಟು ನಿಂತಿತ್ತು. ಬೀಗದಕೈ ಅವರ ಉಡಿದಾರದಲ್ಲಿ. ಹುಡುಗರ ಕೈಗೆ ಸಿಕ್ಕರೆ ಪುಸ್ತಕ ಹಾಳಾಗುತ್ತವೆ ಎಂಬುದು ಅವರ ಗಟ್ಟಿ ನಂಬಿಕೆ. ಹಾಗಾಗಿ ಇನ್‌ಸ್ಪೆಕ್ಟರು ಬರುವ ದಿನ ಬಿಟ್ಟರೆ ಆ ಬೀರು ಬಾಯಿ ತೆರೆದದ್ದನ್ನು ಯಾರೂ ಕಂಡಿರಲಿಲ್ಲ. ಎಂಬತ್ತನೇ ಇಸವಿಯಲ್ಲಿ ಕನ್ನಡ ಪಾಠ ಮಾಡಲು ಬಂದ ನಿರ್ಮಲಮ್ಮ ಮೊದಲ ವಾರವೇ ಆ ಬೀಗದಕೈ ಕೇಳಿದಳು. ಅವಳು ತಮ್ಮ ಕುರ್ಚಿಯನ್ನೇ ಕೇಳಿದಳೇನೋ ಎಂಬಂತೆ ಮಹೇಶ್ವರಪ್ಪನವರು ಕುರ್ಚಿಯ ಕೈ ಹಿಡಿದುಕೊಂಡು ಅವಳನ್ನು ನೋಡಿದರು. ಆಮೇಲೆ ಕೊಟ್ಟರು, ಪಾಪ. ಕೆಟ್ಟವರಲ್ಲ ಅವರು, ಹೆದರುಪುಕ್ಕಲರು.

ಬೀರುವಿನೊಳಗೆ ಇದ್ದದ್ದಾದರೂ ಏನು? ರಸಗೊಬ್ಬರ ಬಳಸುವ ಕ್ರಮ, ಪಂಚವಾರ್ಷಿಕ ಯೋಜನೆಯ ವರದಿ, ಸದ್ಗುಣಗಳ ಮೇಲೆ ಒಂದು ಮಣ ಉಪದೇಶ, ಆಮೇಲೆ ಮಹಾಪುರುಷರ ಚರಿತ್ರೆಗಳು. ಆ ಮಹಾಪುರುಷರೆಲ್ಲ ತೊಟ್ಟಿಲಲ್ಲೇ ಮಹಾಪುರುಷರು, ಒಬ್ಬನಾದರೂ ಮಾವಿನಕಾಯಿ ಕದ್ದವನಿಲ್ಲ, ಅಪ್ಪನ ಕೈಲಿ ಒದೆ ತಿಂದವನಿಲ್ಲ. ನಿರ್ಮಲಮ್ಮ ಅವನ್ನೇ ಹಂಚಿ ನೋಡಿದಳು. ಒಂಬತ್ತು, ಹತ್ತನೇ ಕ್ಲಾಸಿನ ಹುಡುಗರು, ಆಗಷ್ಟೇ ಮೀಸೆ ಚಿಗುರುತ್ತಿದ್ದವರು, ಪುಸ್ತಕವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಹೋದರು, ಹಾಗೇ ತಂದುಕೊಟ್ಟರು. ಹಾಳೆ ಅಂಟಿಕೊಂಡದ್ದು ಅಂಟಿಕೊಂಡ ಹಾಗೇ ಇತ್ತು.

ಒಂದು ದಿನ ರಂಗಣ್ಣ ಅನ್ನುವ ಹುಡುಗ ಲೆಕ್ಕದ ಪುಸ್ತಕದೊಳಗೆ ಇನ್ನೊಂದು ಪುಸ್ತಕ ಇಟ್ಟುಕೊಂಡು ಓದುತ್ತಿದ್ದದ್ದು ಅವಳ ಕಣ್ಣಿಗೆ ಬಿತ್ತು. ಅಂಗೈ ಅಗಲದ ಪತ್ತೇದಾರಿ ಕಾದಂಬರಿ, ರಟ್ಟಿನ ಮೇಲೆ ಪಿಸ್ತೂಲು, ರಕ್ತ. ಹುಡುಗ ಏಟಿಗೆ ಕೈ ಒಡ್ಡಿ ನಿಂತ. ಅವಳು ಪುಸ್ತಕ ಕಸಿದುಕೊಂಡು ಹೋದವಳು ಅವತ್ತು ಸಂಜೆ ಅಡುಗೆ ಮಾಡುವುದನ್ನೂ ಮರೆತು ಓದಿ ಮುಗಿಸಿದಳು. ಮಾರನೆಯ ದಿನ ಅವನನ್ನು ಕರೆದು, ‘ಇದರ ಮುಂದಿನ ಭಾಗ ಐತೇನೋ?’ ಅಂದಳು.

ಆವತ್ತಿನಿಂದ ಅವಳ ತಲೆಯಲ್ಲಿ ಒಂದು ವಿಚಾರ ಕೂತುಬಿಟ್ಟಿತು. ಈ ವಯಸ್ಸಿನ ಮಕ್ಕಳಿಗೆ ಮೊದಲು ಮುಂದಿನ ಪುಟ ಬೇಕು ಅನ್ನಿಸಬೇಕು. ಒಳ್ಳೆಯದು ಕೆಟ್ಟದ್ದು ಎಲ್ಲ ಆಮೇಲೆ. ಲೈಬ್ರರಿಗೆಂದು ಬಂದ ಗ್ರಾಂಟು ಹಿಡಿದು ದಾವಣಗೆರೆಗೆ ಹೋದಳು. ಅಂಗಡಿಯಲ್ಲಿ ನಿಂತಲ್ಲೇ ಒಂದೊಂದು ಪುಸ್ತಕದ ಮೊದಲ ಪುಟ ಓದುವುದು, ಪುಟ ಮುಗಿಯುವ ಹೊತ್ತಿಗೆ ಕೈ ತಾನಾಗಿ ಹಾಳೆ ತಿರುವಿದರೆ ಆ ಪುಸ್ತಕ ಚೀಲಕ್ಕೆ, ಇಲ್ಲದಿದ್ದರೆ ವಾಪಸ್ಸು ಕಪಾಟಿಗೆ. ಬರೆದವರು ಎಷ್ಟು ದೊಡ್ಡವರಾದರೂ ಅವಳ ಹತ್ತಿರ ಬೇರೆ ಪರೀಕ್ಷೆ ಇರಲಿಲ್ಲ. ಹಾಗೆ ದೆವ್ವದ ಕತೆ, ಬೇಟೆಯ ಕತೆ, ಸರ್ಕಸ್ಸಿನಿಂದ ಓಡಿಹೋದ ಹುಡುಗಿಯ ಕತೆ, ಕೊಲೆ ಪತ್ತೆಯ ಕತೆ ಎಲ್ಲ ಬೇವಿನಕೆರೆಗೆ ಬಂದವು.

‘ಏನ್ರೀ ಇದು, ಬರೀ ಕೊಲೆ, ಸುಲಿಗೆ,’ ಅಂದರು ಮಹೇಶ್ವರಪ್ಪನವರು, ರಟ್ಟುಗಳನ್ನು ನೋಡಿ ಮುಖ ಸಿಂಡರಿಸಿ.

‘ಓದಲಿ ಬಿಡ್ರೀ ಸಾರ್. ಬಾಗಿಲು ತೆಗೆದು ಒಳಗೆ ಬಂದಮೇಲೆ ಉಪದೇಶ ಮಾಡಾಕೆ ನೀವು ಇದ್ದೇ ಇದ್ದೀರಿ.’

ಮಕ್ಕಳು ಓದಿದರು. ಓದಿದರೇನು, ಬಕಬಕ ನುಂಗಿದರು. ಶನಿವಾರ ಮಧ್ಯಾಹ್ನ ಬೀರುವಿನ ಮುಂದೆ ನೂಕುನುಗ್ಗಲು. ನಿರ್ಮಲಮ್ಮನಿಗೆ ನೆಲ ಕಾಣದಷ್ಟು ಹಿಗ್ಗು. ಆ ಹಿಗ್ಗಿನಲ್ಲೇ ಒಂದು ನೇಮ ಮಾಡಿದಳು. ಪುಸ್ತಕ ಒಯ್ದವರು ಮನೆಯಲ್ಲಿ ಓದು ಬಾರದ ಒಬ್ಬರಿಗಾದರೂ ಅದನ್ನು ಗಟ್ಟಿಯಾಗಿ ಓದಿ ಹೇಳಬೇಕು. ಹೇಳಿದಮೇಲೇ ಮುಂದಿನ ಪುಸ್ತಕ. ಕೇಳಿದವರೆಲ್ಲ ತಲೆದೂಗಿದರು. ಶಾಲಾ ಕಮಿಟಿಯ ಅಧ್ಯಕ್ಷರು ಮುರುಗೇಶಪ್ಪನವರಂತೂ ಧ್ವಜ ಹಾರಿಸಿದ ದಿನ ಎಲ್ಲರ ಮುಂದೆ, ‘ನಮ್ಮ ಅಕ್ಕೋರು ಊರಿಗೇ ಓದು ಕಲಿಸಾಕೆ ನಿಂತಾರೆ’ ಎಂದು ಹೊಗಳಿದರು. ಅವರ ಹೊಗಳಿಕೆ ಅವಳಿಗೆ ಬೇಕೂ ಆಗಿತ್ತು. ಶಾಲೆ ಕಮಿಟಿಯದು, ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಹೊನ್ನಾಳಿಯಲ್ಲಿ ವಿಧವೆ ತಾಯಿ, ಕಾಲೇಜು ಓದುವ ತಮ್ಮ, ಇಬ್ಬರೂ ಅವಳ ದುಡಿಮೆಯನ್ನೇ ನೆಚ್ಚಿಕೊಂಡಿದ್ದರು.

ಹತ್ತನೇ ಕ್ಲಾಸಿನಲ್ಲಿ ಒಬ್ಬಳೇ ಒಬ್ಬಳು ಮಾತ್ರ ಯಾವ ಪುಸ್ತಕಕ್ಕೂ ಬಗ್ಗಲಿಲ್ಲ. ಚೌಡಮ್ಮ ಅಂತ. ಕೊನೆಯ ಬೆಂಚಿನ ಕೊನೆಯಲ್ಲಿ ಕೂರುತ್ತಿದ್ದ ಎತ್ತರದ ಹುಡುಗಿ. ಕೇಳಿದ್ದಕ್ಕೆ ಉತ್ತರ ಸರಿಯಾಗಿಯೇ ಹೇಳುವಳು, ಆದರೆ ತಾನಾಗಿ ಒಂದು ಮಾತು ಆಡಿದವಳಲ್ಲ. ಅಪ್ಪ ದುರುಗಪ್ಪ, ಅವ್ವ ಅಜ್ಜಮ್ಮ ಇಬ್ಬರೂ ಮುರುಗೇಶಪ್ಪನವರ ಖೇಣಿಮನೆಯಲ್ಲಿ ಕೂಲಿ. ಕಂಡವರ ತೋಟದ ಅಡಿಕೆ ಫಸಲನ್ನು ಗುತ್ತಿಗೆ ಹಿಡಿದು, ತಂದು ಸುಲಿಸಿ ಬೇಯಿಸಿ ಒಣಗಿಸುವ ಅಂಗಳ ಅದು. ಅಪ್ಪ ಹಂಡೆಯ ಉರಿ ನೋಡಿಕೊಳ್ಳುತ್ತಿದ್ದ, ಅವ್ವ ಹೆಂಗಸರ ಸಾಲಿನಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದಳು. ಆ ಮನೆಯಿಂದ ಹತ್ತನೇ ಕ್ಲಾಸಿನವರೆಗೆ ಬಂದವಳು ಚೌಡಮ್ಮನೇ ಮೊದಲು. ಪಾಸಾದರೆ ಟೀಚರ್ ಟ್ರೈನಿಂಗಿಗೆ ಕಳಿಸಬೇಕು ಅಂತ ಅಜ್ಜಮ್ಮ ಊರಲ್ಲೆಲ್ಲ ಹೇಳಿಕೊಂಡು ತಿರುಗುತ್ತಿದ್ದಳು.

ನಿರ್ಮಲಮ್ಮನಿಗೆ ಹಟ ಹುಟ್ಟಿತು. ದೆವ್ವದ ಕತೆ ಕೊಟ್ಟಳು, ಮಾರನೇ ದಿನವೇ ವಾಪಸ್ಸು ಬಂತು. ಸರ್ಕಸ್ಸಿನ ಹುಡುಗಿ ಕೊಟ್ಟಳು, ಅದೂ ಬಂತು. ‘ಓದಿದೆಯೇನೇ?’ ಅಂದರೆ ‘ಓದಿದೆ ಮೇಡಂ’ ಅನ್ನುವಳು, ಅಷ್ಟೇ. ಇವಳಿಗೆ ಹೊಂದುವ ಪುಸ್ತಕ ಎಲ್ಲೋ ಇದೆ, ಹುಡುಕಬೇಕಾದವಳು ನಾನು, ಎಂದುಕೊಂಡಳು ನಿರ್ಮಲಮ್ಮ. ಕೊನೆಗೆ ಹಸಿರು ರಟ್ಟಿನ ಒಂದು ಕಾದಂಬರಿ ಕೈಗಿಟ್ಟಳು. ಯಾವುದೋ ದೊಡ್ಡ ಪಟ್ಟಣದ ಬಂಗಲೆ. ಆ ಮನೆಯ ಸೊಸೆ ಬಾವಿಯಲ್ಲಿ ಸತ್ತುಬಿದ್ದಿರುತ್ತಾಳೆ. ಕಾಲು ಜಾರಿತು ಅನ್ನುತ್ತಾರೆ ಎಲ್ಲರೂ. ಒಬ್ಬ ಚಾಣಾಕ್ಷ ಪೊಲೀಸ್ ಅಧಿಕಾರಿ ಬಂದು, ಇದು ಆಸ್ತಿಗೋಸ್ಕರ ಮನೆಯ ಮ್ಯಾನೇಜರು ಮಾಡಿದ ಕೊಲೆ ಎಂದು ಪತ್ತೆ ಮಾಡುತ್ತಾನೆ. ಬೇವಿನಕೆರೆಗೂ ಆ ಕತೆಗೂ ಯಾವ ಸಂಬಂಧವೂ ಇರಲಿಲ್ಲ.

ಆ ಪುಸ್ತಕ ವಾಪಸ್ಸು ಬರಲಿಲ್ಲ. ವಾರ ಕಳೆಯಿತು, ಇನ್ನೊಂದು ವಾರ ಕಳೆಯಿತು. ಕೇಳಿದರೆ, ‘ಅವ್ವನಿಗೆ ಓದಿ ಹೇಳಾಕತ್ತೀನಿ ಮೇಡಂ, ಇನ್ನಾ ಮುಗಿದಿಲ್ಲ,’ ಅಂದಳು ಚೌಡಮ್ಮ, ಅಂದವಳ ಮುಖದಲ್ಲಿ ಎಂದೂ ಇಲ್ಲದ ಒಂದು ಬೆಳಕಿತ್ತು. ನಿರ್ಮಲಮ್ಮ ಗೆದ್ದೆ ಅಂದುಕೊಂಡಳು. ಆ ಸಂಜೆ ತಾಯಿಗೆ ಕಾಗದ ಬರೆಯುವಾಗಲೂ ಅದನ್ನೇ ಬರೆದಳು.

ಅಡಿಕೆ ಕೊಯ್ಲು ಜೋರಾಗಿದ್ದ ಕಾಲ. ಸ್ಕೂಲು ಬಿಟ್ಟೊಡನೆ ಚೌಡಮ್ಮ ಖೇಣಿಮನೆಗೆ ಹೋಗಿ, ಅಡಿಕೆ ರಾಶಿಯ ಪಕ್ಕ ಕೂತು, ಹೊತ್ತು ಮುಳುಗುವವರೆಗೆ ಓದುತ್ತಿದ್ದಳು. ಅವ್ವನಿಗೆಂದು ಶುರುವಾದದ್ದು, ಸಾಲಿನ ಹೆಂಗಸರೆಲ್ಲ ಕಿವಿ ನಿಮಿರಿಸಿದರು. ಕತ್ತಿಯ ಚಟಚಟ ಸದ್ದು ಸಣ್ಣದಾಗುವುದು, ಒಬ್ಬಳು ‘ಅಯ್ಯೋ ಶಿವನೇ’ ಅನ್ನುವಳು, ಇನ್ನೊಬ್ಬಳು ‘ಮುಂದೆ ಓದೇ’ ಎಂದು ಅವಸರ ಮಾಡುವಳು. ಊರ ಹೆಂಗಸರ ಬಾಯಲ್ಲಿ ಕತೆ ಅಲ್ಲಿಂದ ಎದ್ದು ಬಾವಿಕಟ್ಟೆಗೆ ಹೋಯಿತು, ಅಲ್ಲಿಂದ ಸಂತೇಬೆನ್ನೂರಿನ ಸಂತೆಗೂ ಹೋಯಿತು.

ನಿರ್ಮಲಮ್ಮನಿಗೂ ಅದು ಸಿಕ್ಕಿದ್ದು ಆ ಸಂತೆಯಲ್ಲೇ. ಬದನೆಕಾಯಿ ಆರಿಸುತ್ತಿದ್ದಾಗ ಪಕ್ಕದ ಹೆಂಗಸೊಬ್ಬಳು ಮತ್ತೊಬ್ಬಳಿಗೆ ತಗ್ಗಿದ ದನಿಯಲ್ಲಿ ಹೇಳುತ್ತಿದ್ದಳು.

‘ನೀರಿಗೆ ಹೋದೋಳು ಕಾಲು ಜಾರಿ ಬಿದ್ಲು ಅಂದ್ರಂತೆ. ಕೊಡ ಎಲ್ಲಿ ಹೋಯ್ತು ಹಂಗಾರೆ? ಮನೆಯಾಗಿನ ಕೊಡ ಎಲ್ಲಾ ಬೆಳಿಗ್ಗೆ ಬೆಳಗಿ ಬೋರಲು ಹಾಕಿದ್ದು ಹಂಗೇ ಇದ್ವಂತೆ. ಒಂದೂ ಕದಲಿರಲಿಲ್ವಂತೆ.’

‘ಕೊಡ ಇಲ್ಲದೆ ಯಾರು ನೀರಿಗೆ ಹೋಗ್ತಾರೆ?’

‘ಅದನ್ನೇ ಪುಸ್ತಕದಾಗೆ ಬರ್ದೈತಂತೆ.’

ನಿರ್ಮಲಮ್ಮ ಬದನೆಕಾಯಿ ಹಿಡಿದುಕೊಂಡು ನಿಂತಳು. ಹಸಿರು ರಟ್ಟಿನ ಆ ಕಾದಂಬರಿಯಲ್ಲಿ ಕೊಡದ ಮಾತೇ ಇಲ್ಲ. ಬಂಗಲೆಯ ಸೊಸೆಯಂಥವಳು ಕೊಡ ಹೊತ್ತು ನೀರಿಗೆ ಹೋಗುವವಳೂ ಅಲ್ಲ. ಇದು ಚೌಡಮ್ಮ ಸೇರಿಸಿದ್ದು. ಬಾಯೇ ಬಿಡದ ಹುಡುಗಿ ಈಗ ಕತೆ ಕಟ್ಟುತ್ತಿದ್ದಾಳೆ, ಅದೂ ಎಂಥ ಚಂದದ ವಿವರ ಇಟ್ಟು! ಅವಳಿಗೆ ಕಣ್ಣು ತುಂಬಿ ಬಂತು. ಪರವೂರಿನವಳು, ಅವಳಿಗೆ ಏನು ತಾನೇ ಗೊತ್ತಿತ್ತು?

ಗೊತ್ತು ಮಾಡಿದವಳು ಅಜ್ಜಮ್ಮ. ಎರಡು ದಿನದ ಮೇಲೆ ಸಂಜೆ, ನಿರ್ಮಲಮ್ಮನ ಬಾಡಿಗೆ ಮನೆಯ ಹಿತ್ತಲ ಬಾಗಿಲಿಗೆ ಬಂದು ನಿಂತಳು. ಅಡಿಕೆಯ ಚೊಗರಿಗೆ ಕಪ್ಪಾದ ಕೈಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ಒಳಗೆ ಬಾ ಅಂದರೂ ಬರಲಿಲ್ಲ, ಹೊಸ್ತಿಲಾಚೆಯೇ ಕೂತಳು.

‘ಅಕ್ಕೋರೆ, ನಿಮ್ಮ ಕಾಲು ಹಿಡ್ಕಂತೀನಿ, ಒಂದು ಮಾತು ನಡೆಸಿಕೊಡ್ರಿ.’

‘ಏನಾಯ್ತು ಅಜ್ಜಮ್ಮ, ಹೇಳು ಮೊದಲು.’

ಅವಳು ಹೇಳಿದಳು. ನಿರ್ಮಲಮ್ಮ ಬೇವಿನಕೆರೆಗೆ ಬರುವ ಹಿಂದಿನ ವರ್ಷ, ಮುರುಗೇಶಪ್ಪನವರ ಹಿರಿಸೊಸೆ ಕೊಟ್ರಮ್ಮ ಮನೆಯ ಹಿಂದಿನ ಬಾವಿಯಲ್ಲಿ ಸತ್ತಿದ್ದಳು. ಜಗಳೂರು ಕಡೆಯಿಂದ ತಂದ ಹುಡುಗಿ, ಮದುವೆಯಾಗಿ ಮೂರು ವರ್ಷವೂ ತುಂಬಿರಲಿಲ್ಲ. ನೀರಿಗೆ ಹೋಗಿ ಕಾಲು ಜಾರಿದಳು ಎಂದರು, ಪೊಲೀಸರೂ ಹಾಗೇ ಬರೆದುಕೊಂಡು ಹೋದರು, ತವರಿನವರು ಬಂದು ಅತ್ತು ಹೋದರು. ಆಗ ಚೌಡಮ್ಮ ಆ ಮನೆಯಲ್ಲಿ ಕಸ ಮುಸುರೆ ಮಾಡುತ್ತಿದ್ದಳು. ಆವತ್ತು ಬೆಳಿಗ್ಗೆ ಕೊಡ ಬೆಳಗಿ ಬೋರಲು ಹಾಕಿದವಳು ಅವಳೇ. ಹೆಣ ಎತ್ತಿದಾಗಲೂ ಕೊಡಗಳು ತಾನಿಟ್ಟ ಹಾಗೇ ಇದ್ದದ್ದನ್ನು ಕಂಡವಳೂ ಅವಳೇ.

‘ಮನೆಗೆ ಬಂದು ನಂಗೆ ಹೇಳಿದ್ಲು. ನಾನೇ ಬಾಯಿ ಮೇಲೆ ಹೊಡೆದೆ. ಇನ್ನೊಂದು ಸತಿ ಅಂದ್ರೆ ನಾಲಿಗೆ ಸೀಳ್ತೀನಿ ಅಂದೆ. ಅವತ್ತಿಂದ ಮೂಕಿ ಹಂಗೆ ಇದ್ಲು, ನೀವೂ ನೋಡೀರಲ್ಲ. ಈಗ ನಿಮ್ಮ ಪುಸ್ತಕ ಬಂತು. ಪುಸ್ತಕ ಹಿಡ್ಕಂಡು ಓದಿದಂಗೆ ಓದಿದಂಗೆ ಎಲ್ಲಾ ಹೇಳಿಬಿಟ್ಟಾಳೆ. ನಮಗೇನು ಅಕ್ಷರ ಗೊತ್ತಾಗ್ತೈತಾ? ಎಲ್ಲಾ ಅದ್ರಾಗೆ ಐತೆ ಅಂದ್ಕಂಡ್ವಿ. ನಂಗೆ ಮಾತ್ರ ಕೊಡದ ಮಾತು ಬಂದಾಗ ಇದು ಪುಸ್ತಕದ್ದಲ್ಲ ಅಂತ ತಿಳೀತು.’

‘ಮುರುಗೇಶಪ್ಪನವರಿಗೆ ಗೊತ್ತಾಯ್ತಾ?’

‘ಆಗದೆ ಇರ್ತೈತಾ? ಕೊಟ್ರಮ್ಮನ ಅಣ್ಣ ಉಚ್ಚಂಗೆಪ್ಪ ಅಂತ, ಜಗಳೂರಿಂದ ಬಂದು ಸಂತೆಯಾಗೆ ವಿಚಾರಿಸಿ ಹೋಗ್ಯಾನೆ. ಕೇಸು ಮತ್ತೆ ಎತ್ತಿಸ್ತೀನಿ, ಯಾರು ನೋಡೀರಿ ಹೇಳ್ರಿ, ಅಂತ. ಗೌಡ್ರು ನನ್ನ ಮಗಳನ್ನ ಕರೆಸಿ ಕೇಳಿದ್ರು. ಪುಸ್ತಕದಾಗೆ ಇದ್ದದ್ದು ಓದಿದೆ ಅಂದ್ಲು. ನಿಮ್ಮನ್ನ ಕೇಳಾಕೆ ಬರ್ತಾರೆ ಅಕ್ಕೋರೆ. ಪುಸ್ತಕದಾಗೆ ಐತೆ ಅಂದ್ಬಿಡ್ರಿ. ಪುಸ್ತಕದ ಮಾತಾದ್ರೆ ಯಾರ ಮೇಲೂ ಬರಲ್ಲ. ಇಲ್ಲ ಅಂದ್ರೆ ಅದು ನನ್ನ ಮಗಳ ಮಾತಾಗ್ತೈತೆ.’

ಎಷ್ಟು ಸರಳವಾಗಿ ಹೇಳಿದಳು ಅಜ್ಜಮ್ಮ. ನಿರ್ಮಲಮ್ಮ ಅವಳ ಆ ಕಪ್ಪು ಕೈ ಹಿಡಿದುಕೊಂಡು, ‘ಅಂತೀನಿ. ಹೆದರಬೇಡ, ಹೋಗು,’ ಅಂದಳು. ಆ ಗಳಿಗೆಯಲ್ಲಿ ಅವಳು ಆಡಿದ್ದು ಮನಸ್ಸಿನ ಮಾತೇ. ಅದರಲ್ಲಿ ಸಂಶಯವಿಲ್ಲ.

ಮಾರನೆಯ ದಿನ ಮಧ್ಯಾಹ್ನ ಹೆಡ್‌ಮಾಸ್ಟರ ಕೋಣೆಗೆ ಕರೆ ಬಂತು. ಮುರುಗೇಶಪ್ಪನವರು ಕಿಟಕಿಯ ಹತ್ತಿರದ ಕುರ್ಚಿಯಲ್ಲಿ ಕೂತಿದ್ದರು. ಬಿಳಿ ಜುಬ್ಬ, ಹಣೆಯಲ್ಲಿ ವಿಭೂತಿ. ಅವಳು ಬಂದೊಡನೆ ಎದ್ದು ನಿಂತು ಕೈ ಮುಗಿದರು. ಕೂಗಾಡುತ್ತಾರೆ ಎಂದುಕೊಂಡು ಗಟ್ಟಿಯಾಗಿ ಬಂದಿದ್ದಳು ನಿರ್ಮಲಮ್ಮ. ಅವರು ಕೂಗಾಡಿದ್ದರೆ ಬಹುಶಃ ಗಟ್ಟಿಯಾಗಿಯೇ ಉಳಿಯುತ್ತಿದ್ದಳು.

‘ಕೂಡ್ರಿ ಅಕ್ಕೋರೆ. ಪಾಠದ ಹೊತ್ನಾಗೆ ಕರೆಸಿದ್ದಕ್ಕೆ ಬ್ಯಾಸರ ಮಾಡ್ಕಬ್ಯಾಡ್ರಿ. ಒಂದೇ ವಿಷಯ ಕೇಳಿ ಹೋಗ್ತೀನಿ.’

ಮಹೇಶ್ವರಪ್ಪನವರು ಮೇಜಿನ ಮೇಲಿನ ಕಾಗದಗಳನ್ನು ಸುಮ್ಮನೆ ಅತ್ತಿತ್ತ ಜೋಡಿಸುತ್ತಿದ್ದರು. ಅವರ ಹಿಂದೆ ಬೀರು ಬಾಗಿಲು ತೆರೆದುಕೊಂಡು ನಿಂತಿತ್ತು. ಈಗ ಅದಕ್ಕೆ ಬೀಗ ಹಾಕುವ ವಾಡಿಕೆಯೇ ತಪ್ಪಿಹೋಗಿತ್ತು. ಓದಿ ಓದಿ ಮೂಲೆ ಮಡಚಿಹೋದ ಪುಸ್ತಕಗಳು, ಕಿತ್ತುಬಂದ ರಟ್ಟುಗಳು. ಅವಳಿಗೆ ಅವುಗಳ ಮೇಲೆ ಎಂಥ ಮಮಕಾರ!

‘ನಮ್ಮ ಖೇಣಿಮನೆಯಾಗೆ ಆ ಹುಡುಗಿ ಒಂದು ಪುಸ್ತಕ ಓದಿ ಹೇಳ್ಯಾಳೆ. ಅದ್ರಾಗೆ ಒಂದು ಬಾವಿ, ಒಬ್ಬ ಸೊಸೆ. ಅದೆಲ್ಲಾ ಇರಲಿ. ಕೊಡದ ಮಾತು ಒಂದು ಐತಂತೆ. ಅದು ಪುಸ್ತಕದಾಗೆ ಐತೋ ಇಲ್ಲೋ, ಅಷ್ಟು ಹೇಳ್ರಿ ಸಾಕು.’

ಅವಳು ಬಾಯಿ ತೆರೆದಳು. ಅವರು ಕೈಯೆತ್ತಿ ತಡೆದರು.

‘ಅವಸರ ಬ್ಯಾಡ, ನಿಧಾನಕ್ಕೆ ಹೇಳ್ರಿ. ಅದು ಪುಸ್ತಕದಾಗೆ ಇದ್ರೆ ತಪ್ಪು ಪುಸ್ತಕದ್ದು. ಅಂಥ ಪುಸ್ತಕ ಆರಿಸಿ ತಂದು ಬೆಳೆಯೋ ಮಕ್ಕಳ ಕೈಗೆ ಕೊಟ್ಟೋರದ್ದು. ಹಂಗಾದ್ರೆ ಈ ಬೀರು ಖಾಲಿ ಮಾಡಿಸ್ತೀನಿ, ನಿಮ್ಮ ಜಾಗಕ್ಕೆ ಬ್ಯಾರೆ ಯಾರನ್ನಾದ್ರೂ ನೋಡ್ತೀವಿ. ಇಲ್ಲದೆ ಇದ್ರೆ ನಿಮ್ಮದೇನೂ ಇಲ್ಲ. ನಿಮ್ಮನ್ನ ಕಾಯಂ ಮಾಡೋ ಕಾಗದ ಈ ತಿಂಗಳೇ ಹೋಗ್ತೈತೆ. ಪುಸ್ತಕ ತೋರಿಸ್ರಿ ಅನ್ನಲ್ಲ ನಾನು. ನಾನೇನು ಓದಿದೋನಲ್ಲ. ನಿಮ್ಮ ಮಾತೇ ಸಾಕು.’

ಪುಸ್ತಕವನ್ನು ಯಾರೂ ತೆಗೆದು ನೋಡುವವರಿರಲಿಲ್ಲ. ‘ಇದೆ’ ಅಂದುಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ನಿರ್ಮಲಮ್ಮನ ತಲೆಯೊಳಗೆ ಏನೇನೋ ನುಗ್ಗಿ ಬಂತು. ಬೀರು ಖಾಲಿಯಾಗುವುದು, ಶನಿವಾರದ ನೂಕುನುಗ್ಗಲು ನಿಲ್ಲುವುದು, ಹೊನ್ನಾಳಿಯ ಮನೆ, ತಮ್ಮನ ಫೀಜು. ಒಬ್ಬಳ ಸಲುವಾಗಿ ಇಷ್ಟು ಮಕ್ಕಳ ಓದು ಹೋಗಬೇಕೇ ಎಂದು ಒಂದು ಯೋಚನೆ ಬಂತು. ಇಲ್ಲದ್ದನ್ನು ಇದೆ ಅನ್ನುವುದು ಮೇಷ್ಟ್ರಾದವರಿಗೆ ತಕ್ಕದ್ದೇ ಎಂದು ಇನ್ನೊಂದು ಬಂತು. ಎಲ್ಲ ಒಳ್ಳೊಳ್ಳೆಯ ಯೋಚನೆಗಳೇ. ಹೆದರಿದ ಮನುಷ್ಯನಿಗೆ ಒಳ್ಳೆಯ ಯೋಚನೆಗಳು ಹೇಗೆ ಸಾಲುಗಟ್ಟಿ ಬರುತ್ತವೆ ನೋಡಿ!

‘ಇಲ್ಲ,’ ಅಂದಳು. ‘ಕೊಡದ ಮಾತು ಪುಸ್ತಕದಲ್ಲಿ ಇಲ್ಲ.’

‘ಇಲ್ಲ?’

‘ಇಲ್ಲ. ಆ ಹುಡುಗಿ... ಅವಳೇ ಕಲ್ಪಿಸಿಕೊಂಡು ಸೇರಿಸಿರಬೇಕು. ಈ ವಯಸ್ಸಿನ ಮಕ್ಕಳು ಹಾಗೇ. ಏನಾದರೂ ಕಟ್ಟಿ ಹೇಳ್ತಾರೆ.’

ಹುಡುಗಿಯನ್ನು ಉಳಿಸಲು ಕೊನೆಯ ಮಾತು ಸೇರಿಸಿದೆ ಎಂದು ಅವಳು ಆಮೇಲೆ ಎಷ್ಟೋ ದಿನ ತನಗೆ ತಾನೇ ಹೇಳಿಕೊಂಡಳು. ಮುರುಗೇಶಪ್ಪನವರು ಆ ಮಾತನ್ನು ಕೇಳಿಸಿಕೊಂಡಂತೆಯೇ ಕಾಣಲಿಲ್ಲ. ಅವರಿಗೆ ಬೇಕಾದದ್ದು ಸಿಕ್ಕಿತ್ತು. ಎದ್ದು ಮತ್ತೆ ಕೈ ಮುಗಿದರು. ‘ನೀವು ಸುಳ್ಳು ಹೇಳೋರಲ್ಲ ಅಂತ ನಂಗೆ ಗೊತ್ತಿತ್ತು,’ ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಮಹೇಶ್ವರಪ್ಪನವರು ತಲೆ ಎತ್ತಿ ಅವಳನ್ನು ನೋಡಲಿಲ್ಲ. ‘ಬೆಲ್ ಆಯ್ತೇನೋ, ಕ್ಲಾಸಿಗೆ ಹೋಗ್ರಿ,’ ಅಂದರು, ಅಷ್ಟೇ.

ಮಾರನೆಯ ದಿನ ಕೊನೆಯ ಬೆಂಚಿನ ಕೊನೆ ಖಾಲಿಯಿತ್ತು. ಹಸಿರು ರಟ್ಟಿನ ಪುಸ್ತಕವನ್ನು ಯಾರೋ ಸ್ಟಾಫ್ ರೂಮಿನ ಕಿಟಕಿಯಲ್ಲಿ ಇಟ್ಟುಹೋಗಿದ್ದರು. ಆ ವಾರವೇ ದುರುಗಪ್ಪನನ್ನೂ ಅಜ್ಜಮ್ಮನನ್ನೂ ಖೇಣಿಮನೆಯ ಕೆಲಸದಿಂದ ಬಿಡಿಸಿದರು. ಊರಲ್ಲಿ ಬೇರೆ ಯಾರೂ ಅವರನ್ನು ಕೆಲಸಕ್ಕೆ ಕರೆಯಲಿಲ್ಲ. ಉಚ್ಚಂಗೆಪ್ಪ ಇನ್ನೊಮ್ಮೆ ಬಂದು ಮನೆ ಮನೆ ತಿರುಗಿದ. ಸಂತೆಯಲ್ಲಿ ಅಷ್ಟು ಮಾತಾಡಿದ ಹೆಂಗಸರ ಬಾಯಿಗೆ ಬೀಗ ಬಿದ್ದಿತ್ತು. ಚೌಡಮ್ಮನನ್ನು ಅವ್ವ ಒಳಗಿನಿಂದ ಅಗುಳಿ ಹಾಕಿ ಇಟ್ಟಿದ್ದಳು. ಅವನು ಅವರ ಮನೆಯ ಮುಂದೆ ಬಹಳ ಹೊತ್ತು ನಿಂತು, ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಂಡು, ಬಸ್ಸಿನ ಕಡೆಗೆ ನಡೆದ.

ಆಮೇಲೆ ಮುರುಗೇಶಪ್ಪನವರೇ ದೊಡ್ಡ ಮನಸ್ಸು ಮಾಡಿದರು. ನಮ್ಮ ಮನೆಯಲ್ಲಿ ದುಡಿದ ಮಗು, ನಾವೇ ದಡ ಸೇರಿಸಬೇಕು ಎಂದು ನ್ಯಾಮತಿ ಕಡೆಯ ಒಂದು ಗಂಡು ಗೊತ್ತು ಮಾಡಿಸಿದರು. ಬೇಡ ಅನ್ನುವ ಧೈರ್ಯ ದುರುಗಪ್ಪನಿಗೆಲ್ಲಿಂದ ಬರಬೇಕು? ಪರೀಕ್ಷೆಗೆ ಇನ್ನೇನು ಎರಡು ತಿಂಗಳಿದೆ ಅನ್ನುವಾಗ ಮದುವೆ ಆಗಿಹೋಯಿತು. ಸುದ್ದಿ ಕೇಳಿ ನಿರ್ಮಲಮ್ಮ ಅವರ ಮನೆಗೆ ಹೋದಳು. ಅಜ್ಜಮ್ಮ ಅಂಗಳದಲ್ಲಿ ರಾಗಿ ಕೇರುತ್ತಿದ್ದವಳು ಮೊರ ನಿಲ್ಲಿಸಲಿಲ್ಲ.

‘ಅಜ್ಜಮ್ಮ, ನಾನು ಆವತ್ತು...’

‘ಒಂದೇ ಮಾತು ಕೇಳಿದ್ದೆ ನಿಮ್ಮನ್ನ,’ ಅಂದಳು ಅಜ್ಜಮ್ಮ. ಹೊಟ್ಟು ಹಾರಿ ನಿರ್ಮಲಮ್ಮನ ಸೀರೆಯ ಮೇಲೆ ಕೂತಿತು.

ಕಾಯಂ ಆದ ಆರ್ಡರು ಬಂತು. ಹೊನ್ನಾಳಿಯಲ್ಲಿ ತಾಯಿ ನೆರೆಯವರಿಗೆಲ್ಲ ಸಕ್ಕರೆ ಹಂಚಿದಳು. ಬೇವಿನಕೆರೆಯ ಶಾಲೆಗೆ ಕಮಿಟಿಯಿಂದ ಗಾಜಿನ ಬಾಗಿಲಿನ ಇನ್ನೊಂದು ಹೊಸ ಬೀರು ಬಂತು. ನಿರ್ಮಲಮ್ಮ ದಾವಣಗೆರೆಗೆ ಹೋಗಿ ಅದಕ್ಕೂ ಪುಸ್ತಕ ಆರಿಸಿದಳು. ಮೊದಲಿನ ಹಾಗೇ ಅಂಗಡಿಯಲ್ಲಿ ನಿಂತು ಮೊದಲ ಪುಟ ಓದಿದಳು, ಆದರೆ ಬಾವಿ ಬಂದರೆ ಇಟ್ಟುಬಿಟ್ಟಳು, ಸೊಸೆ ಬಂದರೆ ಇಟ್ಟುಬಿಟ್ಟಳು, ಬಡವರ ಮನೆ, ದೊಡ್ಡವರ ಮನೆ ಎರಡೂ ಒಂದೇ ಕತೆಯಲ್ಲಿ ಬಂದರೆ ಇಟ್ಟುಬಿಟ್ಟಳು. ಕೊನೆಗೆ ಉಳಿದದ್ದು ಪ್ರಾಣಿಗಳ ಕತೆ, ಗ್ರಹ ನಕ್ಷತ್ರ, ಮತ್ತೆ ಅದೇ ಮಹಾಪುರುಷರು. ಮಹೇಶ್ವರಪ್ಪನವರು ಬಹಳ ಸಂತೋಷಪಟ್ಟರು. ಮಕ್ಕಳು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ರಂಗಣ್ಣ ಮತ್ತೆ ಲೆಕ್ಕದ ಪುಸ್ತಕದೊಳಗೆ ಕದ್ದು ಓದತೊಡಗಿದ. ಅವಳು ಕಂಡೂ ಕಾಣದವಳಂತೆ ಇದ್ದಳು.

ಬೇಸಿಗೆ ರಜೆಗೆ ಹೊನ್ನಾಳಿಗೆ ಹೋದಾಗ, ಒಂದು ದಿನ ತಾಯಿಗೆ ಏನೂ ಹೇಳದೆ ನ್ಯಾಮತಿಯ ಬಸ್ಸು ಹತ್ತಿದಳು. ಚೀಲದಲ್ಲಿ ಹತ್ತನೇ ಕ್ಲಾಸಿನ ಪುಸ್ತಕಗಳಿದ್ದವು. ಅಕ್ಟೋಬರಿನಲ್ಲಿ ಖಾಸಗಿಯಾಗಿ ಪರೀಕ್ಷೆ ಕಟ್ಟಿಸಬಹುದು, ಹಾಲ್ ಟಿಕೆಟು, ಓಡಾಟ ಎಲ್ಲ ತಾನೇ ನೋಡಿಕೊಂಡರಾಯಿತು, ಗಂಡನ ಮನೆಯವರನ್ನು ಹೇಗಾದರೂ ಒಪ್ಪಿಸಬಹುದು. ದಾರಿಯುದ್ದಕ್ಕೂ ಇದನ್ನೇ ಲೆಕ್ಕ ಹಾಕಿದಳು. ಮನಸ್ಸು ಅಷ್ಟು ಹಗುರಾಗಿ ಬಹಳ ದಿನವಾಗಿತ್ತು.

ಪೇಟೆಯಿಂದಾಚೆ ಹೆಂಚಿನ ಮನೆ. ಚೌಡಮ್ಮನ ಅತ್ತೆ ಜಗಲಿಯ ಮೇಲೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದಳು. ಬೇವಿನಕೆರೆಯಿಂದ ಬಂದೆ, ಹುಡುಗಿಯ ಅವ್ವ ಗುರುತು, ಈ ಕಡೆ ಬಂದವಳು ನೋಡಿ ಹೋಗೋಣ ಅಂತ ಬಂದೆ, ಎಂದಳು ನಿರ್ಮಲಮ್ಮ. ಅತ್ತೆ ಆದರದಿಂದಲೇ ಚಾಪೆ ಹಾಸಿದಳು, ಒಳಗೆ ಕೂಗಿ ನೀರು ತರಿಸಿದಳು.

ಚೌಡಮ್ಮ ತಂಬಿಗೆ ಹಿಡಿದು ಬಂದಳು. ತಲೆಯ ಮೇಲೆ ಸೆರಗು, ಕೊರಳಲ್ಲಿ ತಾಳಿ. ನಿರ್ಮಲಮ್ಮನನ್ನು ಕಂಡು ಹೊಸ್ತಿಲಲ್ಲಿ ಒಂದು ಸಲ ತಡೆದು ನಿಂತಳು, ಅಷ್ಟೇ. ಆಮೇಲೆ ತಂಬಿಗೆ ಇಟ್ಟು ಗೋಡೆಗೆ ಒರಗಿ ನಿಂತಳು. ಮೈ ಇಳಿದಿತ್ತು.

‘ಹೆಂಗಿದ್ದೀಯಾ ಚೌಡಮ್ಮ?’

‘ಆರಾಮದೀನ್ರಿ.’

ಮೇಡಂ ಅನ್ನಲಿಲ್ಲ ಎಂಬುದು ನಿರ್ಮಲಮ್ಮನಿಗೆ ಚುಚ್ಚಿತು. ಸಿಟ್ಟು ಇನ್ನೂ ಹೋಗಿಲ್ಲ, ಹೇಗೆ ತಾನೇ ಹೋದೀತು ಎಂದುಕೊಂಡಳು. ಮಾತು ಹೇಗೆ ಎತ್ತುವುದು ಎಂದು ಚೀಲ ಹತ್ತಿರ ಎಳೆದುಕೊಂಡಾಗ ಪುಸ್ತಕದ ಮೂಲೆಯೊಂದು ಹೊರಗೆ ಕಂಡಿತು. ಅತ್ತೆಯ ಕಣ್ಣು ಅದರ ಮೇಲೆ ಬಿತ್ತು.

‘ನೀವು ಸಾಲಿ ಅಕ್ಕೋರೇನ್ರೀ?’

‘ಹೂಂ. ಬೇವಿನಕೆರೆ ಹೈಸ್ಕೂಲಿನಲ್ಲಿ.’

ಹುಣಸೆಹಣ್ಣು ಬಿಡಿಸುತ್ತಿದ್ದ ಕೈ ನಿಂತಿತು. ಅತ್ತೆ ಒಮ್ಮೆ ಸೊಸೆಯ ಕಡೆ, ಒಮ್ಮೆ ಚೀಲದ ಕಡೆ ನೋಡಿದಳು. ದನಿಯಲ್ಲಿದ್ದ ಆದರ ಇಳಿದುಹೋಗಿತ್ತು.

‘ಹಂಗಾರೆ ಇವಳು ನಿಮ್ಮ ಹತ್ರ ಓದಿದೋಳಾ? ಅವರಪ್ಪ ಅವ್ವ ಸಾಲಿ ಕಡೆ ಮಖ ಹಾಕಿದೋಳಲ್ಲ, ಹೆಬ್ಬೆಟ್ಟು ಒತ್ತೋಳು ಅಂದಿದ್ರು. ಗೌಡ್ರೂ ಹಂಗೇ ಅಂದ್ರು. ನನ್ನ ಮಗನಿಗೆ ಅಕ್ಷರ ಬರಲ್ಲ, ಓದಿದ ಹುಡುಗಿ ಬ್ಯಾಡ ಅಂತ ಮೊದಲೇ ಹೇಳಿದ್ವಿ. ಆ ಊರಾಗೆ ಪುಸ್ತಕ ಓದಿ ಯಾರದೋ ಮನೆ ಮಾನ ಕಳೆದ ಹುಡುಗಿ ಒಬ್ಬಳು ಇದ್ದಾಳಂತೆ, ಅದೂ ಕಿವಿಗೆ ಬಿದ್ದೈತೆ. ಖರೇ ಹೇಳ್ರಿ ಅಕ್ಕೋರೆ. ಇವಳಿಗೆ ಓದಾಕೆ ಬರ್ತೈತಾ?’

ನಿರ್ಮಲಮ್ಮ ಚೌಡಮ್ಮನನ್ನು ನೋಡಿದಳು. ಚೌಡಮ್ಮ ನೆಲ ನೋಡುತ್ತಿದ್ದಳು. ಹೇಳಿ ಅಂತಲೂ ಬೇಡಲಿಲ್ಲ, ಹೇಳಬೇಡಿ ಅಂತಲೂ ಬೇಡಲಿಲ್ಲ. ಈ ಮೇಡಂ ಹತ್ತಿರ ಬೇಡಿ ಏನು ಸಿಕ್ಕೀತೆಂದು ಅವಳಿಗೆ ಗೊತ್ತಿತ್ತು.

‘ಇಲ್ರೀ,’ ಅಂದಳು ನಿರ್ಮಲಮ್ಮ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಗಾಬರಿಯಾಯಿತು. ‘ಇವಳಿಗೆ ಓದಾಕೆ ಬರಲ್ಲ. ನಮ್ಮ ಶಾಲೆಗೆ ಇವಳು ಬಂದೇ ಇಲ್ಲ.’

ಅತ್ತೆಯ ಮುಖ ತಿಳಿಯಾಯಿತು. ‘ನೋಡ್ರಿ ಮತ್ತೆ, ಸುಮ್ಮಸುಮ್ಮನೆ ಅನುಮಾನ ಪಟ್ಟೆ,’ ಎಂದು ನಕ್ಕು, ಕಾಫಿ ಕಾಸು ಹೋಗು ಎಂದು ಸೊಸೆಗೆ ಹೇಳಿದಳು. ಚೌಡಮ್ಮ ತಲೆ ಎತ್ತಿ ನಿರ್ಮಲಮ್ಮನನ್ನು ನೆಟ್ಟಗೆ ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಉಪಕಾರ ಸ್ಮರಣೆಯೂ ಇರಲಿಲ್ಲ. ಇಷ್ಟೇ ಮಾತು ಆವತ್ತೂ ಆಡಬಹುದಿತ್ತಲ್ಲ ಎಂದು ಕೇಳುವಂತಿತ್ತು. ಆಮೇಲೆ ಅವಳು ತಂಬಿಗೆ ಎತ್ತಿಕೊಂಡು ಒಳಗೆ ಹೋದಳು.